ಕಂಪನಿ ರಿಮ್‌ಗೆ ಯಾವ ಸೈಜಿನ ಟೈರ್? ಅಂಗಡಿಗೆ ಹೋಗುವ ಮೊದಲು ಹಾಕಬೇಕಾದ ಲೆಕ್ಕ

ಟೈರ್ ಸವೆದು ಹೊಸದು ಹಾಕಿಸುವ ಹೊತ್ತು ಬಂದಾಗ ನಮ್ಮ ಕಡೆ ಒಂದು ಮಾತು ತಪ್ಪದೇ ಕೇಳಿಬರುತ್ತದೆ: “ಹೆಂಗೂ ಹಾಕಸ್ತೀರಲ್ರೀ, ಒಂದ್ ಸೈಜ್ ದೊಡ್ಡದು ಹಾಕಿಸಿಬಿಡ್ರಿ. ಗಾಡಿ ಎತ್ತರ ಕಾಣತೈತಿ, ರೋಡ್ ಚಲೋ ಹಿಡಿತೈತಿ.” ಬಳ್ಳಾರಿಯಲ್ಲಾಗಲಿ, ಸಿಂಧನೂರಿನಲ್ಲಾಗಲಿ, ಗಂಗಾವತಿಯಲ್ಲಾಗಲಿ ಈ ಸಲಹೆ ಪುಕ್ಕಟೆ. ದೊಡ್ಡದು ಅಂದರೆ ಎಷ್ಟು ದೊಡ್ಡದು, ಯಾವ ರಿಮ್‌ಗೆ, ಎಷ್ಟು ಭಾರಕ್ಕೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಹಳೇ ಟೈರ್ ಬಿಚ್ಚಿಟ್ಟು, ಕಾರು ಜಾಕಿನ ಮೇಲೆ ನಿಂತಿರುವಾಗ ಕೂತು ಯೋಚಿಸಲು ನಮಗೂ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಲೆಕ್ಕವನ್ನು ಮನೆಯಲ್ಲೇ ಮುಗಿಸಿ, ಚೀಟಿಯಲ್ಲಿ ಸೈಜ್ ಬರೆದುಕೊಂಡು ಹೋಗುವುದು ಮೇಲು.

ಈ ಬರಹ ಕಂಪನಿಯಿಂದ ಬಂದ ರಿಮ್ ಬದಲಿಸದೆ, ಟೈರ್ ಮಾತ್ರ ಬದಲಿಸುವವರಿಗೆ. ರಿಮ್ ಅದೇ ಉಳಿಯುವುದರಿಂದ ಬೋಲ್ಟ್ ಅಳತೆ, ಆಫ್‌ಸೆಟ್ ಇತ್ಯಾದಿ ತಲೆನೋವು ಇಲ್ಲ. ನೋಡಬೇಕಾದ್ದು ನಾಲ್ಕೇ: ಟೈರಿನ ಒಟ್ಟು ಎತ್ತರ, ರಿಮ್ಮಿನ ಅಗಲ, ಚಕ್ರದ ಸುತ್ತಲಿನ ಜಾಗ, ಹೊರುವ ಭಾರ. ಅಂಗಡಿಯಲ್ಲಿ ಚರ್ಚೆ ಆಗುವುದು ಬಹುತೇಕ ಟೈರಿನ ಅಗಲದ ಬಗ್ಗೆ. ನಮ್ಮ ಬಿಸಿಲಿಗೆ, ನಮ್ಮ ರಸ್ತೆಗೆ ಮುಖ್ಯವಾದದ್ದು ಕೊನೆಯದು, ಭಾರ.

ಮೊದಲು ಕಾರನ್ನು ಓದಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ಬಾಗಿಲ ಅಂಚಿನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಇರುತ್ತದೆ. ಕಂಪನಿ ಆ ಕಾರಿಗೆ ಒಪ್ಪಿದ ಟೈರ್ ಸೈಜ್, ಮುಂದೆ ಹಿಂದೆ ಎಷ್ಟು ಗಾಳಿ, ತುಂಬು ಭಾರ ಇದ್ದಾಗ ಎಷ್ಟು ಗಾಳಿ, ಎಲ್ಲ ಅಲ್ಲಿದೆ. ಒಂದೇ ಕಾರಿಗೆ ಎರಡು ಸೈಜ್ ಬರೆದಿದ್ದರೆ ನಿಮ್ಮ ರಿಮ್ ಇಂಚಿಗೆ ಹೊಂದುವುದನ್ನು ನೋಡಿಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಹಾಕಿರುವ ಟೈರಿನ ಮೇಲಿನ ಬರಹ ಎರಡನೇ ಸಾಕ್ಷಿ, ಮೊದಲನೆಯದಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕ ಯಾರದೋ ಮಾತು ಕೇಳಿ ಬೇರೆ ಸೈಜ್ ಹಾಕಿಸಿರಬಹುದು. ಟೈರಿನ ಬರಹ ಮತ್ತು ಸ್ಟಿಕ್ಕರ್ ಹೊಂದದಿದ್ದರೆ ನಿಮ್ಮ ಲೆಕ್ಕ ಸ್ಟಿಕ್ಕರ್‌ನಿಂದ ಶುರುವಾಗಲಿ.

ಬರಹ ಓದುವುದು ಹೀಗೆ. 185/65 ಆರ್ 15 88 ಎಚ್ ಎಂದಿದ್ದರೆ: 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65. ಆರ್ ಎಂದರೆ ರೇಡಿಯಲ್, ಟೈರಿನ ಒಳಗಿನ ನೂಲು ಹಾಕಿದ ಬಗೆ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಭಾರದ ಸೂಚ್ಯಂಕ, ಎಚ್ ವೇಗದ ಅಕ್ಷರ. ಇಲ್ಲಿ ಜನ ಎಡವುವುದು 65ರಲ್ಲಿ. ಅದು ಸ್ವತಂತ್ರ ಅಳತೆಯಲ್ಲ, ಅಗಲದ ಪಾಲು. ಅಗಲ ಹೆಚ್ಚಿಸಿ 65 ಹಾಗೇ ಉಳಿಸಿದರೆ ಗೋಡೆಯೂ ಎತ್ತರವಾಗುತ್ತದೆ. “65 ಅದೇ ಐತಲ್ರೀ” ಎಂದು ಅಂಗಡಿಯವರು ಹೇಳಿದರೆ ಎತ್ತರ ಅದೇ ಎಂದು ಅರ್ಥವಲ್ಲ.

ಮೂರನೆಯದು ರಿಮ್ಮಿನ ಅಗಲ. ಇದು ಹೊರಗೆ ಕಾಣಿಸುವುದಿಲ್ಲ. ಅಲಾಯ್ ಆದರೆ ಕಡ್ಡಿಗಳ ಹಿಂಬದಿಯಲ್ಲಿ, ಸ್ಟೀಲ್ ರಿಮ್ಮಾದರೆ ಗಾಳಿಕಂಡಿಗಳ ಹತ್ತಿರ 5.5ಜೆ ಅಥವಾ 15×5.5ಜೆ ಎಂಬಂತೆ ಅಚ್ಚೊತ್ತಿರುತ್ತದೆ. ಇದರಲ್ಲಿ 5.5 ಎಂಬುದೇ ಅಗಲ, ಇಂಚಿನಲ್ಲಿ. ಡಿಕ್ಕಿಯಲ್ಲಿರುವ ಸ್ಟೆಪ್ನಿ ಅದೇ ರಿಮ್ ಆಗಿದ್ದರೆ ಅದನ್ನೇ ಹೊರಳಿಸಿ ನೋಡಿದರೆ ಸುಲಭ. ಸಂಡೂರು, ತೋರಣಗಲ್ಲು ಕಡೆಯ ಗಾಡಿಗಳಲ್ಲಿ ಅದಿರಿನ ಕೆಂಪು ದೂಳು ಬ್ರೇಕಿನ ಕಪ್ಪು ಪುಡಿಯ ಜೊತೆ ಸೇರಿ ಗಟ್ಟಿಯಾಗಿ ಹಿಡಿದಿರುತ್ತದೆ. ಒದ್ದೆ ಬಟ್ಟೆಯಿಂದ ಉಜ್ಜಿ, ಟಾರ್ಚ್ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ.

ಎತ್ತರದ ಲೆಕ್ಕ

ಅಗಲವನ್ನು ಶೇಕಡಾವಾರಿಗೆ ಗುಣಿಸಿದರೆ ಒಂದು ಬದಿಯ ಗೋಡೆ. ಅದರ ಎರಡರಷ್ಟಕ್ಕೆ ರಿಮ್ಮಿನ ವ್ಯಾಸ ಕೂಡಿಸಿದರೆ ಒಟ್ಟು ಎತ್ತರ. ಒಂದು ಇಂಚಿಗೆ 25.4 ಮಿ.ಮೀ. ಹಾಗಾಗಿ 15 ಇಂಚಿನ ರಿಮ್ 381 ಮಿ.ಮೀ., 14 ಇಂಚಿನದು 355.6.

185/65 ಆರ್ 15 ತೆಗೆದುಕೊಳ್ಳಿ. 185ರ ಶೇ 65 ಎಂದರೆ 120.25. ಅದರ ಎರಡು ಪಟ್ಟು 240.5. ಅದಕ್ಕೆ 381 ಸೇರಿಸಿದರೆ 621.5 ಮಿ.ಮೀ. ನಿಮ್ಮ ಕಾರಿಗೆ ಇದು ಮೂಲ ಸೈಜ್ ಆಗಿದ್ದರೆ, ಅದೇ 15 ಇಂಚಿನ ರಿಮ್‌ಗೆ ಅಂಗಡಿಯಲ್ಲಿ ತೋರಿಸಬಹುದಾದ ಸೈಜ್‌ಗಳು ಹೀಗೆ ಬರುತ್ತವೆ:

195/60 ಆರ್ 15: 615 ಮಿ.ಮೀ., ಶೇ 1ರಷ್ಟು ಕಡಿಮೆ
205/60 ಆರ್ 15: 627 ಮಿ.ಮೀ., ಶೇ 0.9 ಹೆಚ್ಚು
195/65 ಆರ್ 15: 634.5 ಮಿ.ಮೀ., ಶೇ 2.1 ಹೆಚ್ಚು
185/60 ಆರ್ 15: 603 ಮಿ.ಮೀ., ಶೇ 3 ಕಡಿಮೆ
205/65 ಆರ್ 15: 647.5 ಮಿ.ಮೀ., ಶೇ 4.2 ಹೆಚ್ಚು

ಸಾಮಾನ್ಯವಾಗಿ ಶೇ 3ರ ಒಳಗೆ ಇರಬೇಕು ಎನ್ನುತ್ತಾರೆ. ನಾನು ಹೇಳುವುದು ಶೇ 2ರ ಆಸುಪಾಸು. ಅದಕ್ಕಿಂತ ಆಚೆ ಹೋಗಿ ಗಳಿಸುವಂಥದ್ದೇನೂ ಇಲ್ಲ.

ಕಾರು ಎತ್ತರ ಆಗುತ್ತದೆ ಎಂಬ ಆಸೆಯನ್ನು ಇಲ್ಲೇ ತೂಗಿ ನೋಡಿ. 195/65 ಹಾಕಿದರೆ ವ್ಯಾಸ 13 ಮಿ.ಮೀ. ಹೆಚ್ಚುತ್ತದೆ, ಆದರೆ ಕಾರು ಏಳುವುದು ಅದರ ಅರ್ಧ, 6.5 ಮಿ.ಮೀ. ಒಂದು ಪೆನ್ಸಿಲ್ ದಪ್ಪ. ಊರಿನ ಬಾಯಲ್ಲಿ ಜನರೇ ಹಾಕಿಕೊಂಡ ಎತ್ತರದ ರಸ್ತೆ ಉಬ್ಬಿಗೆ ಅಡಿ ತಾಗುವ ಕಾರು ಇದರಿಂದ ತಾಗದೇ ಹೋಗುವುದಿಲ್ಲ.

ಕಡಿಮೆ ಮಾಡುವವರೂ ಇದ್ದಾರೆ. 165/80 ಆರ್ 14 ಇರುವ ಸ್ವಿಫ್ಟ್, ಡಿಸೈರ್‌ಗಳಿಗೆ ಆ ಸೈಜ್ ಸಿಗಲಿಲ್ಲವೆಂದು 175/70 ಆರ್ 14 ಹಾಕಿಸಿದ್ದನ್ನು ನೋಡಿರುತ್ತೀರಿ. ಮೂಲದ್ದು 619.6 ಮಿ.ಮೀ., ಹಾಕಿದ್ದು 600.6. ಶೇ 3ಕ್ಕೂ ಸ್ವಲ್ಪ ಹೆಚ್ಚೇ ಕಡಿಮೆ, ಕಾರು ಸುಮಾರು 9.5 ಮಿ.ಮೀ. ತಗ್ಗುತ್ತದೆ. ಅಗಲ ಬೇಕೇ ಬೇಕು ಎನ್ನುವವರಿಗೆ 185/70 ಆರ್ 14 ಎತ್ತರದಲ್ಲಿ ಹತ್ತಿರ, 614.6 ಮಿ.ಮೀ. ಆದರೆ ಅದು ನಿಮ್ಮ ರಿಮ್ಮಿಗೂ ಜಾಗಕ್ಕೂ ಹೊಂದುತ್ತದೆಯೇ ಎಂಬುದು ಮುಂದಿನ ಮಾತು. ಸ್ವಿಫ್ಟ್‌ನ ಮೇಲಿನ ಮಾದರಿಗೆ ಕಂಪನಿ ಕೊಟ್ಟದ್ದು 185/65 ಆರ್ 15. ಅದರ ಎತ್ತರ 621.5, ಕೆಳಗಿನ ಮಾದರಿಯದು 619.6. ರಿಮ್ ಒಂದು ಇಂಚು ದೊಡ್ಡದಾದರೂ ಒಟ್ಟು ಎತ್ತರದಲ್ಲಿ 2 ಮಿ.ಮೀ. ಕೂಡ ವ್ಯತ್ಯಾಸ ಬಿಟ್ಟಿಲ್ಲ. ಕಾರು ಮಾಡಿದವರೇ ಎತ್ತರವನ್ನು ಇಷ್ಟು ಬಿಗಿಯಾಗಿ ಹಿಡಿದಿರುವಾಗ ನಾವು ಸಡಿಲ ಬಿಡುವುದು ಯಾಕೆ?

ಸ್ಪೀಡೋಮೀಟರ್ ಚಕ್ರದ ಸುತ್ತು ಎಣಿಸುತ್ತದೆ, ರಸ್ತೆಯನ್ನಲ್ಲ. 195/65 ಹಾಕಿಸಿದ ಮೇಲೆ ಮೊದಲು 100 ತೋರಿಸುತ್ತಿದ್ದ ವೇಗದಲ್ಲಿ ಮೀಟರ್ 98ರ ಹತ್ತಿರ ತೋರಿಸುತ್ತದೆ. ಕಂಪನಿ ಮೀಟರುಗಳು ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವಂತೆ ಇರುವುದರಿಂದ ಶೇ 2 ನಡೆಯುತ್ತದೆ. ಶೇ 4 ಆದರೆ ಆ ಉಳಿಕೆ ಕರಗುತ್ತಾ ಬರುತ್ತದೆ. ಇನ್ನೊಂದು ತಮಾಷೆ: ದೊಡ್ಡ ಟೈರ್ ಹಾಕಿಸಿದವರು ಮೈಲೇಜ್ ಬಿತ್ತು ಎಂದು ಗೊಣಗುವುದರಲ್ಲಿ ಒಂದು ಪಾಲು ಲೆಕ್ಕದ್ದೇ. ಕಾರು 1,021 ಕಿ.ಮೀ. ಓಡಿದ್ದರೂ ಮೀಟರಿನಲ್ಲಿ ಏರಿದ್ದು 1,000. ಉಳಿದದ್ದು ಅಗಲ ಟೈರಿನ ತೂಕ ಮತ್ತು ಎಳೆತದಿಂದ ನಿಜವಾಗಿಯೇ ಬಿದ್ದದ್ದು.

ರಿಮ್ ಅಗಲ ಒಪ್ಪಬೇಕು

ಪ್ರತಿ ಟೈರ್ ಸೈಜ್‌ಗೂ ಇಷ್ಟರಿಂದ ಇಷ್ಟು ಅಗಲದ ರಿಮ್ ಎಂಬ ಮಿತಿ ಇದೆ. 185/65 ಆರ್ 15ಕ್ಕೆ 5ರಿಂದ 6.5 ಇಂಚು. 195/65 ಆರ್ 15ಕ್ಕೆ 5.5ರಿಂದ 7. 205/65 ಆರ್ 15ಕ್ಕೆ 5.5ರಿಂದ 7.5. ನಿಮ್ಮ ರಿಮ್ 5ಜೆ ಆಗಿದ್ದರೆ 195/65ರ ಮಾತು ಅಲ್ಲಿಗೇ ಮುಗಿಯಿತು. 5.5ಜೆ ಆಗಿದ್ದರೆ ಒಪ್ಪುತ್ತದೆ, ಆದರೆ ಮಿತಿಯ ಕೆಳಗಿನ ಅಂಚಿನಲ್ಲಿ. 205/65 ಕೂಡ 5.5ಜೆಗೆ ಕಾಗದದ ಮೇಲೆ ಒಪ್ಪುತ್ತದೆ, ಎತ್ತರದ ಲೆಕ್ಕದಲ್ಲಿ ಬೀಳುತ್ತದೆ. ಒಂದು ಪರೀಕ್ಷೆ ಪಾಸಾಯಿತೆಂದು ಇನ್ನೊಂದನ್ನು ಬಿಡುವಂತಿಲ್ಲ.

ಇಕ್ಕಟ್ಟಾದ ರಿಮ್ ಮೇಲೆ ಅಗಲದ ಟೈರ್ ಹಾಕಿದರೂ ಮಷಿನ್ ಅದನ್ನು ಕೂರಿಸುತ್ತದೆ, ಗಾಳಿಯೂ ನಿಲ್ಲುತ್ತದೆ. ಆದರೆ ಗೋಡೆಗಳು ಹೊರಕ್ಕೆ ಉಬ್ಬಿ, ಓಡುವ ಮೈ ನಡುವೆ ಗುಂಡಗಾಗುತ್ತದೆ. ನಡುಭಾಗ ಬೇಗ ಸವೆಯುತ್ತದೆ, ತಿರುವಿನಲ್ಲಿ ಕಾರು ಓಲಾಡುತ್ತದೆ, ಗೋಡೆ ಹೆಚ್ಚು ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಅಗಲ ಹೆಚ್ಚಿಸಿ ಹಿಡಿತ ಗಳಿಸುವ ಆಸೆ ಅರ್ಧ ಇಲ್ಲೇ ಸೋರಿಹೋಗುತ್ತದೆ. ತಿರುವುಮುರುವಾಗಿ, ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕಿದರೆ ಗೋಡೆ ಒಳಕ್ಕೆ ಎಳೆದುಕೊಂಡು ರಿಮ್ಮಿನ ತುಟಿ ಹೊರಬೀಳುತ್ತದೆ. ಒಂದು ಗುಂಡಿ ಸಾಕು, ಅಲಾಯ್ ಸೊಟ್ಟ.

ಯಾವ ಸೈಜ್ ಯೋಚಿಸಿದ್ದೀರೋ ಅದರ ರಿಮ್ ಮಿತಿಯನ್ನು ಟೈರ್ ಕಂಪನಿಯ ಸೈಜ್ ಪಟ್ಟಿಯಲ್ಲಿ ನೋಡಿಕೊಳ್ಳಿ. ಡೀಲರ್ ಹತ್ತಿರ ಪಟ್ಟಿ ಇರುತ್ತದೆ, ಕೇಳಿದರೆ ತೋರಿಸುತ್ತಾರೆ.

ಜಾಗ ಅಳೆಯುವುದು

ಅಗಲ 10 ಮಿ.ಮೀ. ಹೆಚ್ಚಿದರೆ ಒಳಗೆ 5, ಹೊರಗೆ 5 ಬರುತ್ತದೆ. ಹೊರಗಿನದು ಕಣ್ಣಿಗೆ ಕಾಣುತ್ತದೆ, ತೊಂದರೆ ಕೊಡುವುದು ಒಳಗಿನದು. ಮುಂದಿನ ಚಕ್ರದ ಹಿಂದೆ ಕೈ ಹಾಕಿ, ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಟೈರಿನ ನೆತ್ತಿಯ ಮೇಲೇ ಇರುತ್ತದೆ. ಅಲ್ಲಿ ಅಗಲಕ್ಕಿಂತ ಎತ್ತರ ಅಡ್ಡ ಬರುತ್ತದೆ. ಆಮೇಲೆ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮಡ್‌ಫ್ಲ್ಯಾಪ್, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಆರ್ಮ್ ಹತ್ತಿರ ನೋಡಿ. ಹಿಂದಿನ ಚಕ್ರಕ್ಕೆ ಡಿಕ್ಕಿ ತುಂಬಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ನೋಡಿದರೆ ನಿಜ ಗೊತ್ತಾಗುತ್ತದೆ.

ಅಳೆಯಲು ಹಳೇ ರಟ್ಟಿನ ಚೂರುಗಳನ್ನು ಒಂದರ ಮೇಲೊಂದು ಸೇರಿಸಿ ಸಂದಿಗೆ ತೂರಿಸಿ, ಬಿಗಿಯಾಗಿ ಹಿಡಿದ ಮೇಲೆ ಹೊರತೆಗೆದು ಸ್ಕೇಲ್ ಹಿಡಿಯಿರಿ. ಹೊಸ ಸೈಜ್ ತಿನ್ನುವ ಜಾಗ ಕಳೆದ ಮೇಲೂ 10 ಮಿ.ಮೀ. ಉಳಿಯದಿದ್ದರೆ ಆ ಸೈಜ್ ಬಿಡಿ. ಒಂದೇ ಸೈಜ್ ಬರೆದಿದ್ದರೂ ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಹೀಗೆ ಕಂಪನಿಯಿಂದ ಕಂಪನಿಗೆ ನಿಜವಾದ ಅಗಲ, ಭುಜದ (ಓಡುವ ಮೈ ಮತ್ತು ಗೋಡೆ ಸೇರುವ ಅಂಚಿನ) ಆಕಾರ ಕೊಂಚ ಬೇರೆ ಇರುವುದರಿಂದ ಈ ಉಳಿಕೆ ಬೇಕು.

ಎರೆ ಸೀಮೆಯವರಿಗೆ ಇದಕ್ಕಿಂತ ಗಟ್ಟಿ ಕಾರಣ ಇದೆ. ಸಿರುಗುಪ್ಪ, ಸಿಂಧನೂರು, ಮಸ್ಕಿ, ಕಾರಟಗಿ ಕಡೆ ಒಂದು ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಕಾರು ಇಳಿಸಿದವರಿಗೆ ಗೊತ್ತು: ಎರೆ ಮಣ್ಣು ಟೈರಿಗೆ ಮೆತ್ತಿಕೊಂಡು, ಸುತ್ತು ಸುತ್ತಿಗೂ ಮೇಲೇರಿ, ಮಡ್‌ಗಾರ್ಡ್ ಒಳಗೆ ತುಂಬುತ್ತಾ ಹೋಗುತ್ತದೆ. ಮರುದಿನದ ಬಿಸಿಲಿಗೆ ಅದು ಸುಟ್ಟ ಇಟ್ಟಿಗೆಯಂತೆ ಕೂರುತ್ತದೆ. ಸಂದಿ ಇರುವ ಕಾರಿನಲ್ಲಿ ಅದು ಕೊಡವಿ ಬೀಳುತ್ತದೆ. ಅಗಲ ಟೈರ್ ಹಾಕಿ ಸಂದಿ ತಿಂದ ಕಾರಿನಲ್ಲಿ ಟೈರಿನ ಭುಜವನ್ನು ಅರದಂತೆ ಉಜ್ಜುತ್ತದೆ, ಲೈನರ್ ಕಿತ್ತು ಬರುತ್ತದೆ. ಹೊಲ, ಗದ್ದೆ, ರೈಸ್ ಮಿಲ್ ಎಂದು ಓಡಾಡುವವರು ಅಗಲ ಹೆಚ್ಚಿಸಲೇ ಬೇಡಿ. ಎರೆಯಲ್ಲಿ ಸಣ್ಣ ಟೈರೇ ಕಮ್ಮಿ ಮಣ್ಣು ಹೊರುತ್ತದೆ.

ಭಾರ ಮತ್ತು ಬಿಸಿಲು

ಭಾರದ ಸೂಚ್ಯಂಕ ಕಿಲೋ ಅಲ್ಲ, ಪಟ್ಟಿಯ ಸಂಖ್ಯೆ. 82 ಎಂದರೆ ಒಂದು ಟೈರ್ 475 ಕೆ.ಜಿ. ಹೊರಬಲ್ಲದು, 84 ಎಂದರೆ 500, 85 ಎಂದರೆ 515, 88 ಎಂದರೆ 560, 91 ಎಂದರೆ 615, 95 ಎಂದರೆ 690. ವೇಗದ ಅಕ್ಷರಗಳಲ್ಲಿ ಎಸ್ 180 ಕಿ.ಮೀ., ಟಿ 190, ಎಚ್ 210, ವಿ 240. ನಿಯಮ ಸರಳ: ಸ್ಟಿಕ್ಕರ್ ಅಥವಾ ಮ್ಯಾನುಯಲ್‌ನಲ್ಲಿ ಇರುವುದಕ್ಕಿಂತ ಎರಡರಲ್ಲಿ ಯಾವುದೂ ಕಡಿಮೆ ಆಗಬಾರದು. ಹೆಚ್ಚಿದ್ದರೆ ಅಡ್ಡಿಯಿಲ್ಲ.

ಮೇಲಿನ ಪಟ್ಟಿಯ 185/60 ಆರ್ 15 ನೋಡಿ. ಅದು ಸಾಮಾನ್ಯವಾಗಿ 84ರಲ್ಲಿ ಬರುತ್ತದೆ. ಮೂಲ 88ಕ್ಕೆ ಹೋಲಿಸಿದರೆ ಒಂದು ಟೈರಿಗೆ 60 ಕೆ.ಜಿ. ಕಡಿಮೆ. ಬೆಲೆ ಕಮ್ಮಿ ಎಂದು ಇದನ್ನು ಹಾಕಿಸಿ, ಐವರು ಕೂತು, ಡಿಕ್ಕಿಯಲ್ಲಿ ಗಂಗಾವತಿಯ 25 ಕಿಲೋ ಅಕ್ಕಿ ಚೀಲ ನಾಲ್ಕು ಪೇರಿಸಿ ಮೇ ತಿಂಗಳ ಮಧ್ಯಾಹ್ನ ಹೊರಟರೆ ಭಾರವೆಲ್ಲ ಬೀಳುವುದು ಹಿಂದಿನ ಎರಡು ಟೈರ್‌ಗಳ ಮೇಲೆ.

ಟೈರನ್ನು ಒಡೆಯುವುದು ಬರಿ ಬಿಸಿಲಲ್ಲ. ಭಾರಕ್ಕೆ ಗೋಡೆ ಪ್ರತಿ ಸುತ್ತಿನಲ್ಲೂ ಮಡಚುತ್ತದೆ, ಮಡಚಿದಾಗ ರಬ್ಬರ್ ಒಳಗಿಂದ ಬಿಸಿಯಾಗುತ್ತದೆ. ಬಿಸಿಲು ಆ ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ತಾಪವೇ 40 ಡಿಗ್ರಿ ದಾಟುತ್ತದೆ, ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಗಾಳಿ ಕಮ್ಮಿ ಇದ್ದರೆ ಮಡಚುವುದು ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಗಾಳಿ ಕಮ್ಮಿ ಹಾಕಿಸಬೇಕು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಅದು ತಲೆಕೆಳಗಾದ ಸಲಹೆ. ಬೆಳಿಗ್ಗೆ ಕಾರು ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ, ಸ್ಟಿಕ್ಕರ್‌ನಲ್ಲಿ ಇರುವಷ್ಟು ಹಾಕಿ. ತಾಪ 5–6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಬಂಕಿನಲ್ಲಿ ಗೇಜ್ ಬೆಳಿಗ್ಗೆಗಿಂತ ಕೆಲವು ಪಿಎಸ್‌ಐ ಹೆಚ್ಚು ತೋರಿಸಿತೆಂದು ಬಿಡಿಸಬೇಡಿ. ಆ ಏರಿಕೆ ಕಂಪನಿಯ ಲೆಕ್ಕದಲ್ಲಿ ಸೇರಿದ್ದೇ.

ಎಕ್ಸ್‌ಎಲ್ ಎಂದು ಬರೆದ ಟೈರ್‌ಗಳು ಹೆಚ್ಚು ಭಾರ ಹೊರುತ್ತವೆ, ಆದರೆ ಹೆಚ್ಚು ಗಾಳಿ ಇದ್ದಾಗ ಮಾತ್ರ. ಮಾಮೂಲಿ ಟೈರಿನಷ್ಟೇ ಗಾಳಿ ಹಾಕಿದರೆ ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ಪ್ರಯೋಜನ ಸಿಗುವುದಿಲ್ಲ.

ಗೋಡೆಯ ಎತ್ತರವನ್ನೂ ಇಲ್ಲೇ ಹೇಳಬೇಕು. ಅದಿರಿನ ಲಾರಿಗಳು ಓಡುವ ರಸ್ತೆಯಲ್ಲಿ ಗುಂಡಿಯ ಅಂಚು ಚೂಪು, ಲಾರಿಯಿಂದ ಉದುರಿದ ಕಲ್ಲು ಬೇರೆ. ಗೋಡೆ ತಗ್ಗಾದಷ್ಟೂ ಪೆಟ್ಟು ರಿಮ್ಮಿಗೆ ಹತ್ತಿರ. ಗೋಡೆಯಲ್ಲಿ ಉಬ್ಬು ಬಂದರೆ ಅಥವಾ ಸೀಳಿದರೆ ಪಂಚರ್ ಹಾಕಿ ಓಡಿಸುವಂತಿಲ್ಲ, ಟೈರೇ ಹೋಯಿತು. 195/60ರ ಗೋಡೆ 117 ಮಿ.ಮೀ., ಮೂಲದ್ದು 120. ವ್ಯತ್ಯಾಸ ದೊಡ್ಡದಲ್ಲ, ಆದರೂ ಅಂದಕ್ಕಾಗಿ ಗೋಡೆ ತಗ್ಗಿಸುವುದು ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಿಗೆ ಹೇಳಿದ್ದಲ್ಲ.

ಹಾಗಾದರೆ 185/65 ಆರ್ 15 ಇರುವ, 5.5ಜೆ ರಿಮ್ಮಿನ ಕಾರಿಗೆ ನನ್ನ ಆಯ್ಕೆ? ಮೊದಲನೆಯದು 185/65 ಆರ್ 15 ಅದೇ. ಹೈವೇ ಓಡಾಟವೇ ಹೆಚ್ಚು, ಜಾಗದ ಅಳತೆ ಪಾಸಾಗಿದೆ ಎಂದಾದರೆ 195/65 ಆರ್ 15, 91ರ ಸೂಚ್ಯಂಕದ್ದು. ಉಳಿದವನ್ನು ನಾನು ಮುಟ್ಟುವುದಿಲ್ಲ. ಕಂಪನಿ ನಿಮ್ಮ ಮಾದರಿಗೆ ಕೊಟ್ಟ ಸೈಜ್‌ನಲ್ಲೇ ಇದ್ದರೆ ನಾಳೆ ವಾರಂಟಿ, ಇನ್ಶೂರೆನ್ಸ್, ಆರ್‌ಟಿಒ ಯಾರಿಗೂ ಉತ್ತರ ಕೊಡುವ ಪ್ರಸಂಗ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಕಾರಿನ ಮೂಲ ವಿವರ ಬದಲಿಸುವುದನ್ನೇ ನಿರ್ಬಂಧಿಸುವಂಥದ್ದು.

ಅಂಗಡಿಯಲ್ಲಿ

ಟೈರ್ ಕೂರಿಸುವ ಮೊದಲು ಕೈಗೆ ತೆಗೆದುಕೊಂಡು ನೋಡಿ. ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2325 ಎಂದರೆ 2025ರ 23ನೇ ವಾರ. ಆ ಸಂಖ್ಯೆ ಟೈರಿನ ಒಂದೇ ಬದಿಯಲ್ಲಿ ಇರಬಹುದು, ತಿರುಗಿಸಿ ಹುಡುಕಿ. ತಗಡಿನ ಶೆಡ್ಡಿನಲ್ಲಿ ಎರಡು ಬೇಸಿಗೆ ಬೆಂದ ಟೈರನ್ನು ಹೊಸದರ ಬೆಲೆಗೆ ಕೊಳ್ಳುವುದು ಬೇಡ. ಆರು ತಿಂಗಳ ಒಳಗಿನದು ಕೇಳಿ, ವರ್ಷ ದಾಟಿದ್ದರೆ ಬೇರೆ ತೋರಿಸಲು ಹೇಳಿ. ಐಎಸ್‌ಐ ಗುರುತು ಇರಬೇಕು. ಕಾರಿನ ಟೈರಿಗೆ ಅದರ ಮಾನಕ ಸಂಖ್ಯೆ ಐಎಸ್ 15633.

ನಾಲ್ಕೂ ಒಟ್ಟಿಗೆ ಬದಲಿಸಿದರೆ ಒಳ್ಳೆಯದು. ಎರಡೇ ಆದರೆ ಒಂದು ಆ್ಯಕ್ಸಲ್‌ಗೆ ಒಂದೇ ಸೈಜ್, ಒಂದೇ ಕಂಪನಿ, ಒಂದೇ ಮಾದರಿ. ಹೊಸ ಎರಡನ್ನು ಹಿಂದೆ ಹಾಕಿಸಿ. ಎಂಜಿನ್ ಎಳೆಯುವುದು ಮುಂದೆ, ಹಾಗಾಗಿ ಹೊಸದು ಮುಂದೆ ಎಂದು ಹುಡುಗರು ವಾದಿಸುತ್ತಾರೆ. ಮುಂದಿನ ಟೈರ್ ಜಾರಿದರೆ ಸ್ಟೀರಿಂಗಿನಲ್ಲಿ ತಿಳಿಯುತ್ತದೆ, ವೇಗ ತಗ್ಗಿಸಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಕೈಗೆ ಸಿಗುವುದಿಲ್ಲ. ತೋರಣಗಲ್ಲು ರಸ್ತೆಯಲ್ಲಿ ಅದಿರಿನ ದೂಳಿನ ಮೇಲೆ ಮೊದಲ ಮಳೆ ಬಿದ್ದ ದಿನ ಓಡಿಸಿ ನೋಡಿದವರು ಈ ವಾದಕ್ಕೆ ಇಳಿಯುವುದಿಲ್ಲ. ಬೇರೆ ಸೈಜ್‌ಗೆ ಹೋಗುತ್ತಿದ್ದರೆ ಮಾತ್ರ ನಾಲ್ಕೂ ಒಟ್ಟಿಗೇ ಆಗಬೇಕು. ಮುಂದೊಂದು ಹಿಂದೊಂದು ಸೈಜ್ ಹಾಕಿದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ನಾಲ್ಕು ಚಕ್ರದ ಸುತ್ತನ್ನು ಹೋಲಿಸುವ ಲೆಕ್ಕ ಕೆಡುತ್ತದೆ.

ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಇವುಗಳಲ್ಲಿ ಉಳಿತಾಯ ಬೇಡ. ನೈಟ್ರೋಜನ್ ನಿಮ್ಮಿಷ್ಟ, ವಾರಕ್ಕೊಮ್ಮೆ ಗಾಳಿ ನೋಡಿಸುವವರಿಗೆ ಅದರ ಅಗತ್ಯ ಇಲ್ಲ. ನಟ್ ಬಿಗಿಯುವಾಗ ಮಾತ್ರ ಪಕ್ಕದಲ್ಲೇ ನಿಲ್ಲಿ. ಗನ್ ಹಿಡಿದು ಕಟಕಟ ಎನ್ನಿಸಿ ಬಿಟ್ಟರೆ ಲಿಂಗಸುಗೂರಿಗೂ ಮಸ್ಕಿಗೂ ನಡುವೆ ಪಂಚರ್ ಆದಾಗ ಕಾರಿನಲ್ಲಿರುವ ಪಾನಾದ ಮೇಲೆ ನಿಂತರೂ ನಟ್ ಬಿಚ್ಚುವುದಿಲ್ಲ. ಕೊನೆಯ ಬಿಗಿತ ಕೈಯಲ್ಲಿ, ಟಾರ್ಕ್ ರೆಂಚ್ ಇದ್ದರೆ ಮ್ಯಾನುಯಲ್ ಹೇಳಿದಷ್ಟೇ.

ಹಾಕಿಸಿದ ಮೇಲೆ

ಅಂಗಡಿ ಮುಂದೆಯೇ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ನಿಧಾನ ಮುಂದೆ ಹಿಂದೆ ಓಡಿಸಿ, ಉಜ್ಜುವ ಸದ್ದು ಕೇಳಿ. ಒಂದು ವಾರ ಓಡಿಸಿದ ಮೇಲೆ ಲೈನರ್ ಒಳಗೆ, ಟೈರಿನ ಒಳಭುಜದ ಮೇಲೆ ಹೊಳಪಾಗಿ ಸವೆದ ಗೆರೆ ಇದೆಯೇ ನೋಡಿ. ಗೆರೆ ಇದ್ದರೆ ಸೈಜ್ ಹೊಂದಲಿಲ್ಲ ಎಂದೇ ಅರ್ಥ. ಲೈನರ್ ಕತ್ತರಿಸಿ ಜಾಗ ಮಾಡಿಕೊಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ನಟ್‌ಗಳನ್ನು 50–100 ಕಿ.ಮೀ. ಆದ ಮೇಲೆ ಇನ್ನೊಮ್ಮೆ ನೋಡಿಸಿ.

ಸ್ಟೆಪ್ನಿ ಹಳೇ ಸೈಜಿನದೇ ಉಳಿದಿದ್ದರೆ ಅದನ್ನು ಹತ್ತಿರದ ಪಂಚರ್ ಅಂಗಡಿ ತಲುಪುವವರೆಗೆ, ನಿಧಾನವಾಗಿ ಮಾತ್ರ ಬಳಸಿ. ಮುಂದಿನ ಚಕ್ರ ಎಳೆಯುವ ಕಾರಾದರೆ ಅದು ಹಿಂದೆ ಇರಲಿ. ಮುಂದಿನ ಟೈರ್ ಪಂಚರ್ ಆಗಿದ್ದರೆ ಹಿಂದಿನದನ್ನು ಮುಂದಕ್ಕೆ ತಂದು ಸ್ಟೆಪ್ನಿ ಹಿಂದೆ ಹಾಕಿ. ಕೆಲಸ ಎರಡಾದರೂ, ಎಂಜಿನ್ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಉಳಿಯುತ್ತದೆ. ಹಳೆಯ ನಾಲ್ಕರಲ್ಲಿ ಒಳ್ಳೆಯದನ್ನು ಸ್ಟೆಪ್ನಿ ಮಾಡಿಕೊಳ್ಳುವ ಯೋಚನೆ ಇದ್ದರೆ ಅದರ ಗೆರೆಗಳ ನಡುವಿನ, ಸವೆತ ತೋರಿಸುವ ಟಿಡಬ್ಲ್ಯುಐ ಗುಬುಟು ನೋಡಿ. ಮೈ ಸವೆದು ಆ ಗುಬುಟಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಬಂದಿದ್ದರೆ ಅದನ್ನು ಬದಲಿ ಬೆಲೆಗೆ ಅಂಗಡಿಯಲ್ಲೇ ಬಿಟ್ಟು ಬನ್ನಿ.